ವೈರಲ್ ಮೆನಿಂಜೈಟಿಸ್

ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತಿಕೊಂಡಿರುವ ಪೊರೆಗಳಿಗೆ ವೈರಸ್ ಸೋಂಕಿನಿಂದ ಬರುವ ಉರಿಯೂತ. ಜ್ವರ, ತಲೆ ಸಿಡಿದುಹೋಗುವಂಥ ನೋವು, ಕತ್ತಿನ ಬಿಗಿತ, ವಾಂತಿ, ಬೆಳಕನ್ನು ನೋಡಲಾಗದ ಸಂಕಟ ಇದರ ಮುಖ್ಯ ಲಕ್ಷಣಗಳು. ಮೆನಿಂಜೈಟಿಸ್‌ಗಳಲ್ಲೆಲ್ಲ ಹೆಚ್ಚಾಗಿ ಕಾಣುವುದೂ ಇದೇ, ಹೆಚ್ಚು ಸೌಮ್ಯವಾದುದೂ ಇದೇ. ಆರೋಗ್ಯವಂತ ಮಕ್ಕಳು ಮತ್ತು ದೊಡ್ಡವರು ವಾರದಿಂದ ಹತ್ತು ದಿನಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಆದರೂ ಆಸ್ಪತ್ರೆಯಲ್ಲಿ ಇದು ಹುಟ್ಟಿಸುವ ಗಾಬರಿ ಸಣ್ಣದಲ್ಲ. ಮೊದಲ ದಿನ ಇದು ಬ್ಯಾಕ್ಟೀರಿಯಾದಿಂದ ಬರುವ ಮಾರಕ ಮೆನಿಂಜೈಟಿಸ್‌ನ ಹಾಗೆ ಕಾಣುತ್ತದೆ. ಬೆನ್ನುಹುರಿ ದ್ರವದ ಪರೀಕ್ಷೆ ಮಾಡಿದ ಮೇಲೆ ಕ್ಷಯದ ಮೆನಿಂಜೈಟಿಸ್ ಇದ್ದರೂ ಇರಬಹುದು ಎನ್ನಿಸುತ್ತದೆ. ಸೌಮ್ಯವಾದ ಕಾಯಿಲೆಯನ್ನು ಸೌಮ್ಯವೆಂದು ಖಚಿತಪಡಿಸಿಕೊಳ್ಳುವುದರಲ್ಲೇ ವೈದ್ಯರ ಮುಕ್ಕಾಲು ಶ್ರಮ ಹೋಗುತ್ತದೆ. ಭಾರತದಂಥ ದೇಶದಲ್ಲಿ ಆ ಶ್ರಮ ಇನ್ನೂ ಹೆಚ್ಚು.

ಜನರ ಮಾತಿನಲ್ಲಿ ಇದನ್ನೂ ಮೆದುಳಿನ ಒಳಭಾಗಕ್ಕೇ ತಗಲುವ ಎನ್ಸೆಫಲೈಟಿಸನ್ನೂ ಸೇರಿಸಿ ‘ಮೆದುಳು ಜ್ವರ’ ಎನ್ನುವುದುಂಟು. ವೈದ್ಯಕೀಯವಾಗಿ ಎರಡರ ನಡುವೆ ದೊಡ್ಡ ಅಂತರವಿದೆ. ಪೊರೆಗಷ್ಟೇ ಉರಿಯೂತವಾದಾಗ ರೋಗಿ ನೋವಿನಿಂದ ನರಳಿದರೂ ಎಚ್ಚರವಾಗಿರುತ್ತಾನೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾನೆ. ಮಾತು ತೊದಲಿತು, ವರ್ತನೆ ಬದಲಾಯಿತು, ಫಿಟ್ಸ್ ಬಂತು, ಕೈಕಾಲು ಸ್ವಾಧೀನ ತಪ್ಪಿತು ಎಂದರೆ ಮೆದುಳಿನ ಅಂಗಾಂಶಕ್ಕೇ ತೊಂದರೆಯಾಗಿದೆ ಎಂದು ಅರ್ಥ. ಎರಡೂ ಒಟ್ಟಿಗೆ ಬರುವುದೂ ಅಪರೂಪವಲ್ಲ.

ಪೊರೆಗಳು, ದ್ರವ ಮತ್ತು ವೈರಸ್ಸಿನ ದಾರಿ

ಮೆದುಳಿನ ಹೊದಿಕೆಯಲ್ಲಿ ಮೂರು ಪದರಗಳಿವೆ. ತಲೆಬುರುಡೆಗೆ ತಾಗಿರುವ ಗಟ್ಟಿ ಪದರ ಡ್ಯೂರಾ, ನಡುವಿನ ತೆಳುವಾದದ್ದು ಅರಕ್ನಾಯ್ಡ್, ಮೆದುಳಿನ ಏರುತಗ್ಗುಗಳಿಗೆಲ್ಲ ಅಂಟಿಕೊಂಡಿರುವುದು ಪಯಾ. ನಡುವಿನ ಮತ್ತು ಒಳಗಿನ ಪದರಗಳ ಮಧ್ಯೆ ತಿಳಿನೀರಿನಂಥ ದ್ರವವೊಂದು ಸದಾ ಹರಿಯುತ್ತಿರುತ್ತದೆ. ವಯಸ್ಕರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್. ಆದರೆ ದಿನಕ್ಕೆ 500 ಮಿಲಿಲೀಟರ್‌ನಷ್ಟು ಹೊಸದಾಗಿ ಸ್ರವಿಸಿ, ಹಳೆಯದು ರಕ್ತಕ್ಕೆ ಹೀರಿಹೋಗುತ್ತದೆ. ಆರೋಗ್ಯವಂತರ ದ್ರವದ ಒಂದು ಮೈಕ್ರೋಲೀಟರ್‌ನಲ್ಲಿ ಐದಕ್ಕಿಂತ ಹೆಚ್ಚು ಬಿಳಿ ರಕ್ತಕಣಗಳು ಇರುವುದಿಲ್ಲ. ಉರಿಯೂತವಾದಾಗ ಈ ಲೆಕ್ಕ ಹತ್ತಾರಕ್ಕೆ, ನೂರಾರಕ್ಕೆ ಏರುತ್ತದೆ.

ಹೆಚ್ಚಿನ ವೈರಸ್‌ಗಳು ಬಾಯಿ ಅಥವಾ ಮೂಗಿನ ಮೂಲಕ ಒಳಹೊಕ್ಕು ಗಂಟಲಲ್ಲೋ ಕರುಳಲ್ಲೋ ಮೊದಲು ವೃದ್ಧಿಯಾಗುತ್ತವೆ. ಬಹುಪಾಲು ಜನರಲ್ಲಿ ಸೋಂಕು ಅಲ್ಲಿಗೇ ಮುಗಿಯುತ್ತದೆ: ಎರಡು ದಿನ ಜ್ವರ, ಸ್ವಲ್ಪ ಗಂಟಲುನೋವು, ಕೆಲವರಿಗೆ ಅದೂ ಇಲ್ಲ. ಒಂದಿಷ್ಟು ಜನರಲ್ಲಿ ಮಾತ್ರ ವೈರಸ್ ರಕ್ತಕ್ಕಿಳಿದು, ಅಲ್ಲಿಂದ ಮೆದುಳಿನ ರಕ್ತನಾಳಗಳ ಕಾವಲು ದಾಟಿ ದ್ರವಕ್ಕೆ ಸೇರುತ್ತದೆ. ಆಮೇಲಿನ ಹಾವಳಿಯಲ್ಲಿ ವೈರಸ್ಸಿನ ಪಾಲು ಎಷ್ಟು, ಅದನ್ನು ಎದುರಿಸಲು ಬಂದ ನಮ್ಮದೇ ರಕ್ಷಣಾ ಕಣಗಳ ಪಾಲು ಎಷ್ಟು ಎಂಬ ಪ್ರಶ್ನೆ ರೋಗನಿರೋಧಕ ಶಾಸ್ತ್ರದಲ್ಲಿ ದೊಡ್ಡ ಫಲ ಕೊಟ್ಟಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 1970ರ ದಶಕದ ಮೊದಲರ್ಧದಲ್ಲಿ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಇಲಿಗಳಿಗೆ ಮೆನಿಂಜೈಟಿಸ್ ತರಿಸುವ ಎಲ್‌ಸಿಎಂ ಎಂಬ ವೈರಸ್ಸನ್ನು ಬಳಸಿ, ಟಿ ಕಣಗಳೆಂಬ ರಕ್ಷಣಾ ಕಣಗಳು ಸೋಂಕು ತಗಲಿದ ಜೀವಕೋಶಗಳನ್ನು ಗುರುತಿಸುವ ಬಗೆಯನ್ನು ಕಂಡುಹಿಡಿದರು. 1996ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆ ಇಲಿಗಳನ್ನು ಕೊಲ್ಲುತ್ತಿದ್ದುದು ವೈರಸ್ ಅಲ್ಲ, ಅವುಗಳದೇ ಟಿ ಕಣಗಳು.

ಇತಿಹಾಸ

ಬೆನ್ನುಹುರಿ ದ್ರವವನ್ನು ಸೂಜಿಯಿಂದ ತೆಗೆಯುವ ವಿಧಾನವನ್ನು ಜರ್ಮನಿಯ ಕೀಲ್‌ನಲ್ಲಿ ಹೈನ್‌ರಿಖ್ ಕ್ವಿಂಕೆ 1891ರಲ್ಲಿ ರೂಢಿಗೆ ತಂದ. ಅದಕ್ಕೆ ಮುಂಚೆ ಮೆನಿಂಜೈಟಿಸ್ ಎಂದರೆ ಹೆಚ್ಚುಕಡಿಮೆ ಸಾವು ಎಂದೇ ಲೆಕ್ಕ. ಬದುಕಿ ಉಳಿದವರಿಗೆ ಆದದ್ದೇನು ಎಂದು ತಿಳಿಯುವ ಉಪಾಯವಿರಲಿಲ್ಲ. ದ್ರವ ಕೈಗೆ ಸಿಕ್ಕ ಮೇಲೆ ಒಂದು ವಿಚಿತ್ರ ಗುಂಪು ಕಣ್ಣಿಗೆ ಬಿತ್ತು. ದ್ರವದಲ್ಲಿ ಬಿಳಿ ಕಣಗಳು ಹೆಚ್ಚಿವೆ, ಆದರೆ ಎಷ್ಟು ಹುಡುಕಿದರೂ ಬ್ಯಾಕ್ಟೀರಿಯಾ ಇಲ್ಲ, ರೋಗಿ ಕೆಲವೇ ದಿನಗಳಲ್ಲಿ ಎದ್ದು ಓಡಾಡುತ್ತಾನೆ. ಸ್ವೀಡನ್ನಿನ ಮಕ್ಕಳ ವೈದ್ಯ ಆರ್ವಿಡ್ ವಾಲ್‌ಗ್ರೇನ್ 1925ರಲ್ಲಿ ಇದನ್ನು ಬೇರೆಯದೇ ಕಾಯಿಲೆಯೆಂದು ವಿವರಿಸಿ, ಏಸೆಪ್ಟಿಕ್ ಮೆನಿಂಜೈಟಿಸ್ ಎಂದು ಕರೆದ. ಅವನು ಹಾಕಿದ ಷರತ್ತುಗಳು ಸರಳ: ರೋಗ ಥಟ್ಟನೆ ಶುರುವಾಗಬೇಕು, ಪೊರೆ ಕೆರಳಿದ ಚಿಹ್ನೆಗಳಿರಬೇಕು, ದ್ರವದಲ್ಲಿ ಕಣಗಳು ಹೆಚ್ಚಿರಬೇಕು, ಬ್ಯಾಕ್ಟೀರಿಯಾ ಬೆಳೆಯಕೂಡದು, ಅಲ್ಪ ಕಾಲದಲ್ಲಿ ತೊಂದರೆಯಿಲ್ಲದೆ ವಾಸಿಯಾಗಬೇಕು, ಹತ್ತಿರದಲ್ಲಿ ಕಿವಿಯ ಕೀವಿನಂಥ ಬೇರೆ ಮೂಲ ಇರಕೂಡದು. ರೋಗವನ್ನು ಅದು ಏನಲ್ಲ ಎಂಬುದರಿಂದ ಗುರುತಿಸುವ ಈ ಕ್ರಮ ಈಗಲೂ ಪೂರ್ತಿ ಹೋಗಿಲ್ಲ.

ಮೊದಲು ಸಿಕ್ಕಿಬಿದ್ದ ವೈರಸ್ ಎಲ್‌ಸಿಎಂ. ಅಮೆರಿಕದ ಸೇಂಟ್ ಲೂಯಿಯಲ್ಲಿ 1933ರಲ್ಲಿ ಹರಡಿದ ಎನ್ಸೆಫಲೈಟಿಸನ್ನು ಅಧ್ಯಯನ ಮಾಡುತ್ತಿದ್ದ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಮತ್ತು ಲಿಲ್ಲಿ ಅವರಿಗೆ ಇದು ಆಕಸ್ಮಿಕವಾಗಿ ಸಿಕ್ಕಿತು. ಎರಡು ವರ್ಷಗಳ ಬಳಿಕ ರಿವರ್ಸ್ ಮತ್ತು ಸ್ಕಾಟ್ ಅದನ್ನು ರೋಗಿಗಳ ದ್ರವದಿಂದಲೇ ಬೇರ್ಪಡಿಸಿದರು. ಇದು ಮನೆಯ ಸುಂಡಿಲಿಗಳಲ್ಲಿ ವಾಸಿಸುವ ವೈರಸ್. ಸಾಕಿದ ಹ್ಯಾಮ್‌ಸ್ಟರ್‌ಗಳಿಂದಲೂ ಮನುಷ್ಯರಿಗೆ ತಗಲಿದ ಉದಾಹರಣೆಗಳಿವೆ. ಒಟ್ಟು ಲೆಕ್ಕದಲ್ಲಿ ಇದರ ಪಾಲು ಚಿಕ್ಕದು.

ನಿಜವಾದ ದೊಡ್ಡ ಗುಂಪು ಕಂಡದ್ದು ಪೋಲಿಯೊ ಹುಡುಕಾಟದ ಬೆನ್ನಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಯ ದಂಡೆಯಲ್ಲಿರುವ ಕಾಕ್ಸಾಕಿ ಎಂಬ ಊರಿನ ಮಕ್ಕಳ ಮಲದಿಂದ ಗಿಲ್ಬರ್ಟ್ ಡಾಲ್‌ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ 1948ರಲ್ಲಿ ಹೊಸ ವೈರಸ್ಸೊಂದನ್ನು ಬೇರ್ಪಡಿಸಿದರು. ದೊಡ್ಡ ಇಲಿಗಳಲ್ಲಿ ಬೆಳೆಯದ ಅದು ಹಾಲು ಕುಡಿಯುವ ಮರಿಗಳಲ್ಲಿ ಬೆಳೆದದ್ದು ಅವರ ಕೈಗೆ ಸಿಕ್ಕ ಸುಳಿವು. ಊರಿನ ಹೆಸರೇ ವೈರಸ್ಸಿಗೂ ಅಂಟಿತು. ಮರುವರ್ಷ ಬಾಸ್ಟನ್ನಿನಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಪೋಲಿಯೊ ವೈರಸ್ಸನ್ನು ನರವಲ್ಲದ ಅಂಗಾಂಶದಲ್ಲಿ ಬೆಳೆಸಿ ತೋರಿಸಿದರು. ಅದಕ್ಕೆ 1954ರ ನೊಬೆಲ್ ಬಂತು. ಆ ವಿಧಾನ ಪ್ರಯೋಗಾಲಯಗಳಿಗೆ ಹರಡಿದ್ದೇ ತಡ, ಆರೋಗ್ಯವಂತ ಮಕ್ಕಳ ಮಲದಿಂದಲೂ ಡಜನುಗಟ್ಟಲೆ ವೈರಸ್‌ಗಳು ಹೊರಬಂದವು. ಯಾವ ಕಾಯಿಲೆಗೂ ಸಂಬಂಧಿಸಿಲ್ಲವೆಂದು ಅವನ್ನು ‘ಅನಾಥ’ ವೈರಸ್‌ಗಳೆಂದರು. ಎಕೋವೈರಸ್ ಎಂಬ ಸಂಕ್ಷೇಪದ ಕೊನೆಯ ಅಕ್ಷರ ಅದೇ. ಈ ಅನಾಥರಲ್ಲಿ ಹಲವರು ಮೆನಿಂಜೈಟಿಸ್‌ನ ಪ್ರಮುಖ ಕಾರಣಕರ್ತರೆಂದು ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಕಾರಣವಾಗುವ ವೈರಸ್‌ಗಳು

ಕಾಕ್ಸಾಕಿ, ಎಕೋ, ಪೋಲಿಯೊ ಮುಂತಾದವು ಸೇರಿದ ಎಂಟರೋವೈರಸ್ ಬಳಗವೇ ಎಲ್ಲಕ್ಕಿಂತ ಮುಂದೆ. ಮಕ್ಕಳಲ್ಲಿ ಕಾರಣ ಪತ್ತೆಯಾದ ಪ್ರಕರಣಗಳಲ್ಲಿ ಬಹುಪಾಲು ಇವುಗಳದೇ. ಸಮಶೀತೋಷ್ಣ ದೇಶಗಳಲ್ಲಿ ಬೇಸಿಗೆಯ ಕೊನೆ ಮತ್ತು ಶರತ್ಕಾಲದಲ್ಲಿ ಏರುತ್ತವೆ, ಉಷ್ಣವಲಯದಲ್ಲಿ ವರ್ಷವಿಡೀ ಇರುತ್ತವೆ. ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುವುದು ಇವುಗಳ ಮಾಮೂಲು ದಾರಿ. ಕೆಮ್ಮು, ಎಂಜಲಿನಿಂದಲೂ ಹರಡುತ್ತವೆ. ಮಗು ಗುಣವಾದ ಮೇಲೂ ಹಲವು ವಾರ ಅದರ ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ. ಕೊಬ್ಬಿನ ಹೊರಕವಚ ಇಲ್ಲದ್ದರಿಂದ ಆಲ್ಕೋಹಾಲ್ ಸ್ಯಾನಿಟೈಸರ್ ಇವುಗಳ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಕೋವಿಡ್ ಕಾಲದಲ್ಲಿ ಬ್ಯಾಗಿಗೆ ಸೇರಿದ ಆ ಸಣ್ಣ ಬಾಟಲಿಯನ್ನೇ ನೆಚ್ಚಿಕೊಂಡ ತಾಯಂದಿರಿಗೆ ಇದನ್ನು ಒತ್ತಿ ಹೇಳಬೇಕು. ಮಗುವಿನ ಬಟ್ಟೆ ಬದಲಿಸಿದ ಮೇಲೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಕೈ ತೊಳೆಯುವುದೇ ಸರಿ.

ಕೇರಳದ ಕೊಲ್ಲಂನಲ್ಲಿ 2022ರಲ್ಲಿ ‘ಟೊಮ್ಯಾಟೊ ಜ್ವರ’ ಎಂದು ಸುದ್ದಿಯಾದಾಗ ಕರ್ನಾಟಕದ ಗಡಿ ಜಿಲ್ಲೆಗಳಲ್ಲೂ ಕಟ್ಟೆಚ್ಚರ ವಹಿಸಲು ಹೇಳಿದ್ದರು. ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಏಳುವ ಆ ಕಾಯಿಲೆ ಇದೇ ಎಂಟರೋವೈರಸ್ ಬಳಗದ ಕೆಲಸ. ಸಾಮಾನ್ಯವಾಗಿ ಅದು ನಿರುಪದ್ರವಿ. ಆದರೆ ಅದೇ ಗುಳ್ಳೆಗಳನ್ನು ತರುವ ಎಂಟರೋವೈರಸ್ 71 ಮಾತ್ರ ಬೇರೆ ಜಾತಿ. ಅದು 1997ರಲ್ಲಿ ಮಲೇಷ್ಯಾದ ಸರವಾಕ್‌ನಲ್ಲಿ, 1998ರಲ್ಲಿ ತೈವಾನ್‌ನಲ್ಲಿ ಹರಡಿ ಪುಟ್ಟ ಮಕ್ಕಳ ಮೆದುಳಿನ ಬುಡಕ್ಕೇ ಕೈ ಹಾಕಿತು; ತೈವಾನ್ ಒಂದರಲ್ಲೇ 78 ಸಾವುಗಳಾದವು. ಪೋಲಿಯೊ ಇದ್ದ ಕಾಲದಲ್ಲಿ ‘ಪಾರ್ಶ್ವವಾಯು ಇಲ್ಲದ ಪೋಲಿಯೊ’ ಎಂದು ದಾಖಲಿಸುತ್ತಿದ್ದ ರೋಗವೂ ವಾಸ್ತವದಲ್ಲಿ ವೈರಲ್ ಮೆನಿಂಜೈಟಿಸೇ. ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡಿತು.

ಹೆರ್ಪಿಸ್ ಬಳಗದ್ದು ಇನ್ನೊಂದು ಕಥೆ. ಬಾಯಿಯ ಸುತ್ತ ಗುಳ್ಳೆ ತರುವ ಮೊದಲ ಬಗೆ ಎನ್ಸೆಫಲೈಟಿಸ್‌ಗೆ ಕುಖ್ಯಾತ. ಜನನಾಂಗದ ಹೆರ್ಪಿಸ್‌ಗೆ ಕಾರಣವಾದ ಎರಡನೆಯ ಬಗೆ ಯುವ ವಯಸ್ಕರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಮೆನಿಂಜೈಟಿಸ್ ತರುತ್ತದೆ ಮತ್ತು ಕೆಲವರಲ್ಲಿ ವರ್ಷಗಳ ಅಂತರದಲ್ಲಿ ಮರುಕಳಿಸುತ್ತದೆ. ಹೀಗೆ ಮತ್ತೆ ಮತ್ತೆ ಬಂದು ಹೋಗುವ ಮೆನಿಂಜೈಟಿಸನ್ನು ಫ್ರಾನ್ಸಿನ ಪಿಯರ್ ಮೊಲಾರೆ 1944ರಲ್ಲೇ ಬಣ್ಣಿಸಿದ್ದ. ಅದರ ಹಿಂದೆ ಹೆಚ್ಚಾಗಿ ಇರುವುದು ಈ ವೈರಸ್ ಎಂದು ಗೊತ್ತಾದದ್ದು 1990ರ ದಶಕದಲ್ಲಿ. ಬಹಳ ಮಂದಿಗೆ ಆ ಹೊತ್ತಿನಲ್ಲಿ ಜನನಾಂಗದಲ್ಲಿ ಯಾವ ಹುಣ್ಣೂ ಇರುವುದಿಲ್ಲ, ಸೋಂಕು ಎಂದೋ ತಗಲಿ ಸುಮ್ಮನಿದ್ದಿರಬಹುದು. ಹಾಗಾಗಿ ಈ ಫಲಿತಾಂಶ ಹಿಡಿದು ಗಂಡ ಹೆಂಡತಿ ಪರಸ್ಪರ ಅನುಮಾನ ಪಡುವುದಕ್ಕೆ ಆಧಾರವಿಲ್ಲ. ವೈದ್ಯರು ಇದನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಸೀತಾಳೆ ಸಿಡುಬಿನ ವೈರಸ್ ಸರ್ಪಸುತ್ತಾಗಿ ಮರಳುವಾಗ, ಕೆಲವೊಮ್ಮೆ ಚರ್ಮದ ಮೇಲೆ ಒಂದು ಗುಳ್ಳೆಯೂ ಏಳದೆಯೇ, ಮೆನಿಂಜೈಟಿಸ್ ತರುವುದುಂಟು.

ಮಂಗನಬಾವು ಲಸಿಕೆ ಬರುವ ಮುನ್ನ ಮಕ್ಕಳ ವೈರಲ್ ಮೆನಿಂಜೈಟಿಸ್‌ಗೆ ಮೊದಲ ಸಾಲಿನ ಕಾರಣವಾಗಿತ್ತು. ಈ ಸೋಂಕು ತಗಲಿದ ಅರ್ಧದಷ್ಟು ಜನರ ಬೆನ್ನುಹುರಿ ದ್ರವದಲ್ಲಿ ಕಣಗಳು ಹೆಚ್ಚಿರುತ್ತವೆ, ಆದರೆ ಮೆನಿಂಜೈಟಿಸ್‌ನ ಲಕ್ಷಣ ಕಾಣಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಹತ್ತು ಮಂದಿಗೆ. ಕೆನ್ನೆ ಊದಿಕೊಳ್ಳದೆಯೂ ಮೆನಿಂಜೈಟಿಸ್ ಬರಬಹುದು ಎಂಬುದೇ ಇದರ ಕಿತಾಪತಿ. ಎಚ್‌ಐವಿ ಸೋಂಕು ತಗಲಿದ ಮೊದಲ ವಾರಗಳಲ್ಲಿ ಬರುವ ಜ್ವರದ ಜೊತೆಗೂ ಮೆನಿಂಜೈಟಿಸ್ ಇರಬಹುದು. ಆ ಹಂತದಲ್ಲಿ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬರುವ ಸಾಧ್ಯತೆಯಿದೆ. ಇಟಲಿಯ ತಸ್ಕನಿಯಲ್ಲಿ 1971ರಲ್ಲಿ ಮರಳುನೊಣಗಳಿಂದ ಬೇರ್ಪಡಿಸಿದ ಟೊಸ್ಕಾನಾ ವೈರಸ್ ಮೆಡಿಟರೇನಿಯನ್ ತೀರದಲ್ಲಿ ಬೇಸಿಗೆಯ ಮೆನಿಂಜೈಟಿಸ್‌ಗೆ ಸಾಮಾನ್ಯ ಕಾರಣ. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ಮತ್ತು ಜಪಾನೀಸ್ ಎನ್ಸೆಫಲೈಟಿಸ್ ವೈರಸ್‌ಗಳು ಮುಖ್ಯವಾಗಿ ಮೆದುಳನ್ನೇ ಕಾಡುವಂಥವಾದರೂ ಒಂದಿಷ್ಟು ರೋಗಿಗಳಲ್ಲಿ ಪೊರೆಯ ಉರಿಯೂತಕ್ಕೇ ನಿಲ್ಲುತ್ತವೆ.

ಮಂಗನ ಕಾಯಿಲೆ

ಕರ್ನಾಟಕದ ಮಟ್ಟಿಗೆ ಇಲ್ಲಿ ಬಿಡಲಾಗದ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ, ಜನರ ಮಾತಿನಲ್ಲಿ ಮಂಗನ ಕಾಯಿಲೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಆಸುಪಾಸಿನ ಹಳ್ಳಿಗಳ ಜನ ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಇದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ಮಲೆನಾಡಿನಲ್ಲಿ ಇದು ಡಿಸೆಂಬರ್‌ನಿಂದ ಮೇವರೆಗಿನ ಕಾಯಿಲೆ. ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವವರಿಗೆ ಎಳೆಯ ಉಣುಗು ಕಚ್ಚಿ ತಗಲುತ್ತದೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2019ರಲ್ಲಿ ಎದ್ದ ಹಾವಳಿ ಹಲವರ ಜೀವ ತೆಗೆದಿತ್ತು.

ಈ ಜ್ವರ ಕೆಲವರಲ್ಲಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನಲ್ಲಿ ತೀವ್ರ ಜ್ವರ, ಮೈಕೈ ನೋವು, ಕಣ್ಣು ಕೆಂಪು, ಕೆಲವರಿಗೆ ರಕ್ತಸ್ರಾವ. ಅದು ಇಳಿದು ಒಂದೆರಡು ವಾರ ಆರಾಮಾಗಿದ್ದ ಮೇಲೆ, ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಜ್ವರ ಮರಳುತ್ತದೆ. ಈ ಸಲ ತಲೆನೋವು, ಕತ್ತಿನ ಬಿಗಿತ, ಕೈ ನಡುಕ, ಕೆಲವರಲ್ಲಿ ಮಂಪರು ಜೊತೆಗೂಡುತ್ತವೆ. ಮೆದುಳೂ ಪೊರೆಯೂ ಎರಡೂ ಕೆರಳಿರುತ್ತವೆ. ಮೊದಲ ಜ್ವರ ಬಿಟ್ಟಿತೆಂದು ತೋಟದ ಕೆಲಸಕ್ಕೆ ಹೋದವರು ಮತ್ತೆ ಹಾಸಿಗೆ ಹಿಡಿದಾಗ ಮನೆಯವರು ಅದನ್ನು ಬೇರೆಯೇ ಕಾಯಿಲೆಯೆಂದುಕೊಳ್ಳುವ ಅಪಾಯವಿದೆ. ಹಿಂದಿನ ಜ್ವರದ ವಿಷಯ ವೈದ್ಯರ ಕಿವಿಗೆ ಬೀಳಲೇಬೇಕು. ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆ ಸಾಲದೆಂದು ಕಂಡು ಅದರ ಬಳಕೆ ನಿಂತಿದೆ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಬಳಿದುಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ, ಮೈ ಮುಚ್ಚುವ ಬಟ್ಟೆ, ಮರಳಿದ ಮೇಲೆ ಬಿಸಿನೀರ ಸ್ನಾನ, ಇವಿಷ್ಟೇ ಸದ್ಯ ಕೈಗೆಟಕುವ ರಕ್ಷಣೆ.

ಲಕ್ಷಣಗಳು

ಎಂಟರೋವೈರಸ್ ಆದರೆ ಸೋಂಕು ತಗಲಿ ಮೂರರಿಂದ ಆರು ದಿನಗಳಲ್ಲಿ ರೋಗ ತೋರುತ್ತದೆ. ದೊಡ್ಡ ಮಕ್ಕಳು ತಲೆಯ ಮುಂಭಾಗ ಅಥವಾ ಕಣ್ಣಿನ ಹಿಂದೆ ನೋವೆನ್ನುತ್ತಾರೆ, ಕೋಣೆಯ ದೀಪ ಆರಿಸಲು ಹೇಳುತ್ತಾರೆ. ಗಲ್ಲವನ್ನು ಎದೆಗೆ ತಾಗಿಸು ಎಂದರೆ ಆಗುವುದಿಲ್ಲ. ಕೆರಳಿದ ಪೊರೆ ಎಳೆದಾಗ ನೋಯುವುದರಿಂದ ಕತ್ತಿನ ಹಿಂದಿನ ಸ್ನಾಯುಗಳು ತಾವೇ ಬಿಗಿದುಕೊಂಡಿರುತ್ತವೆ. ಪೊರೆ ಕೆರಳಿರುವುದನ್ನು ಗುರುತಿಸಲು ವೈದ್ಯ ವಿದ್ಯಾರ್ಥಿಗಳು ಕಂಠಪಾಠ ಮಾಡುವ ಕೆರ್ನಿಗ್ ಮತ್ತು ಬ್ರುಡ್‌ಜಿನ್‌ಸ್ಕಿ ಚಿಹ್ನೆಗಳು ನೂರು ವರ್ಷಕ್ಕೂ ಹಳೆಯವು. ಅಮೆರಿಕದಲ್ಲಿ 297 ವಯಸ್ಕರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಎರಡೂ ಚಿಹ್ನೆಗಳು ಮೆನಿಂಜೈಟಿಸ್ ಇದ್ದವರಲ್ಲಿ ನೂರಕ್ಕೆ ಸುಮಾರು ಐದು ಮಂದಿಯಲ್ಲಷ್ಟೇ ಕಾಣುತ್ತವೆ ಎಂದಿತು. ಕತ್ತಿನ ಬಿಗಿತ ಕಂಡದ್ದೂ ನೂರಕ್ಕೆ ಮೂವತ್ತರಲ್ಲಿ. ಚಿಹ್ನೆ ಇದ್ದರೆ ಸಂಶಯ ಗಟ್ಟಿ, ಇಲ್ಲವೆಂದು ಸಮಾಧಾನಪಡಲಾಗದು.

ಹಸುಗೂಸುಗಳಲ್ಲಿ ಕತ್ತನ್ನು ನೋಡಿ ಪ್ರಯೋಜನವಿಲ್ಲ. ಮೊಲೆ ಹಿಡಿಯದಿರುವುದು, ಎತ್ತಿಕೊಂಡರೆ ಇನ್ನಷ್ಟು ಅಳುವುದು, ಎಬ್ಬಿಸಿದರೂ ಏಳದ ನಿದ್ದೆ, ನೆತ್ತಿಯ ಮೆತ್ತಗಿನ ಭಾಗ ಉಬ್ಬುವುದು, ಮೈ ಬಿಸಿಯಾಗುವ ಬದಲು ತಣ್ಣಗಾಗುವುದು, ಇವೇ ಸೂಚನೆಗಳು. ಪ್ಯಾರೆಕೋವೈರಸ್ ಎಂಬ ಹತ್ತಿರದ ಸಂಬಂಧಿ ಮೂರು ತಿಂಗಳೊಳಗಿನ ಕೂಸುಗಳಿಗೆ ತೀವ್ರ ಜ್ವರ ಮತ್ತು ಕೆಂಪು ದದ್ದು ತರುತ್ತದೆ, ದ್ರವದಲ್ಲಿ ಬಿಳಿ ಕಣಗಳೇ ಹೆಚ್ಚಿರುವುದಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ತಗಲಿದ ಎಂಟರೋವೈರಸ್ ಯಕೃತ್ತನ್ನೂ ಹೃದಯವನ್ನೂ ಕೆಡಿಸಬಲ್ಲದು. ಫ್ರಾನ್ಸಿನಲ್ಲಿ 2022 ಮತ್ತು 2023ರ ನಡುವೆ ಎಕೋವೈರಸ್ 11ರ ತೀವ್ರ ಸೋಂಕಿಗೆ ಸಿಕ್ಕ 9 ನವಜಾತ ಶಿಶುಗಳಲ್ಲಿ 7 ತೀರಿಕೊಂಡವು. ಈ ರೋಗ ಸೌಮ್ಯ ಎನ್ನುವ ಮಾತು ಎಳೆಗೂಸುಗಳಿಗೆ ಅನ್ವಯಿಸುವುದಿಲ್ಲ.

ದ್ರವದ ಪರೀಕ್ಷೆ

ಬೆನ್ನಿನಿಂದ ನೀರು ತೆಗೆಯುತ್ತೇವೆ ಎಂದೊಡನೆ ವಾರ್ಡಿನಲ್ಲಿ ಮನೆಯವರ ಮುಖ ಬಾಡುತ್ತದೆ. ‘ಕಾಲು ಸ್ವಾಧೀನ ಹೋಗ್ತದಂತೆ, ಜೀವಮಾನವೆಲ್ಲ ಸೊಂಟನೋವಂತೆ’ ಎಂಬ ಮಾತು ಎಲ್ಲ ಆಸ್ಪತ್ರೆಗಳ ಕಾರಿಡಾರಿನಲ್ಲೂ ಓಡಾಡುತ್ತದೆ. ಆದರೆ ಬೆನ್ನುಹುರಿ ವಯಸ್ಕರಲ್ಲಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಬಳಿಯೇ ಮುಗಿಯುತ್ತದೆ. ಸೂಜಿ ಹಾಕುವುದು ಮೂರು ಮತ್ತು ನಾಲ್ಕನೆಯದರ ನಡುವೆ, ಇಲ್ಲವೇ ಇನ್ನೂ ಒಂದು ಮೆಟ್ಟಿಲು ಕೆಳಗೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಹೊಟ್ಟೆಗೆ ಮಡಿಸಿ, ಗಲ್ಲ ಎದೆಗೆ ಒತ್ತಿಸಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತಾರೆ. ಎರಡು ಬದಿಯ ಸೊಂಟದ ಮೂಳೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ಜಾಗ ಗುರುತು ಹಾಕುತ್ತಾರೆ. ಚರ್ಮ ಮರಗಟ್ಟಿಸಿ ಸೂಜಿ ತೂರಿಸಿದಾಗ, ಗಟ್ಟಿ ಪದರ ದಾಟಿದ್ದು ಕೈಗೆ ಸಣ್ಣ ‘ಪಟ್’ ಎಂದು ತಿಳಿಯುತ್ತದೆ. ಒಳಗಿನ ಕಡ್ಡಿ ಎಳೆದರೆ ಹನಿಗಳು ಒಂದೊಂದಾಗಿ ಉದುರುತ್ತವೆ. ತೆಗೆಯುವುದು ಕೆಲವೇ ಮಿಲಿಲೀಟರ್, ದೇಹ ಅದನ್ನು ಗಂಟೆಯೊಂದೆರಡರಲ್ಲಿ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರುವುದುಂಟು. ಮೊಂಡು ತುದಿಯ ಸೂಜಿ ಬಳಸಿದರೆ ಅದೂ ಕಡಿಮೆ.

ಹನಿಯನ್ನು ಬೆಳಕಿಗೆ ಹಿಡಿದು ನೋಡುವುದೇ ಮೊದಲ ಪರೀಕ್ಷೆ. ವೈರಲ್ ಆದರೆ ಸಾಮಾನ್ಯವಾಗಿ ತಿಳಿ, ಬ್ಯಾಕ್ಟೀರಿಯಾ ಜೋರಾಗಿದ್ದರೆ ಅಕ್ಕಚ್ಚಿನಂತೆ ಮಬ್ಬು. ಆಮೇಲೆ ಎಣಿಕೆ. ವೈರಲ್ ಮೆನಿಂಜೈಟಿಸ್‌ನಲ್ಲಿ ಮೈಕ್ರೋಲೀಟರ್‌ಗೆ ಹತ್ತರಿಂದ ಕೆಲವು ನೂರು ಕಣಗಳು, ಹೆಚ್ಚಿನವು ಲಿಂಫೋಸೈಟ್ ಎಂಬ ಬಗೆಯವು. ಪ್ರೋಟೀನ್ ತುಸು ಏರಿರುತ್ತದೆ. ಸಕ್ಕರೆ ರಕ್ತದಲ್ಲಿರುವುದರ ಅರ್ಧಕ್ಕಿಂತ ಹೆಚ್ಚೇ ಉಳಿದಿರುತ್ತದೆ. ಬ್ಯಾಕ್ಟೀರಿಯಾ ಇದ್ದರೆ ಕಣಗಳು ಸಾವಿರ ದಾಟುವುದು ಸಾಮಾನ್ಯ, ಅವು ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯವು, ಸಕ್ಕರೆ ಕುಸಿದಿರುತ್ತದೆ. ಪಾಠದ ಮಟ್ಟಿಗೆ ಇದು ಸ್ವಚ್ಛ. ಹಾಸಿಗೆಯ ಪಕ್ಕದಲ್ಲಿ ಹಾಗಿರುವುದಿಲ್ಲ. ವೈರಲ್ ರೋಗದ ಮೊದಲ ಒಂದೆರಡು ದಿನ ನ್ಯೂಟ್ರೋಫಿಲ್‌ಗಳೇ ಹೆಚ್ಚಿರಬಹುದು. ಮಂಗನಬಾವು ಮತ್ತು ಎಲ್‌ಸಿಎಂ ಸಕ್ಕರೆಯನ್ನೂ ಇಳಿಸಬಲ್ಲವು.

ನಮ್ಮಲ್ಲಿ ಇನ್ನೂ ಎರಡು ತೊಡಕುಗಳು ಸೇರಿಕೊಳ್ಳುತ್ತವೆ. ಜ್ವರ ಬಂದ ಮಗುವಿಗೆ ಊರಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್, ಮೆಡಿಕಲ್ ಶಾಪಿನಿಂದ ಎರಡು ದಿನದ ಆಂಟಿಬಯಾಟಿಕ್, ಆಮೇಲೆ ಜಿಲ್ಲಾ ಆಸ್ಪತ್ರೆ ಎಂಬುದು ಸಾಮಾನ್ಯ ಕ್ರಮ. ಅಷ್ಟರಲ್ಲಿ ಬ್ಯಾಕ್ಟೀರಿಯಾ ಅರೆಜೀವವಾಗಿರುತ್ತದೆ, ಕಲ್ಚರಿನಲ್ಲಿ ಬೆಳೆಯುವುದಿಲ್ಲ, ಕಣಗಳ ಲೆಕ್ಕ ವೈರಲ್‌ನ ಹತ್ತಿರ ಬಂದು ನಿಲ್ಲುತ್ತದೆ. ಎರಡನೆಯದು ಕ್ಷಯ. ಅದರಲ್ಲೂ ದ್ರವ ತಿಳಿಯಾಗಿಯೇ ಇರಬಹುದು, ಲಿಂಫೋಸೈಟ್‌ಗಳೇ ಇರುತ್ತವೆ. ಭೇದ ಗೊತ್ತಾಗುವುದು ಹೆಚ್ಚಾಗಿ ದಿನಗಳ ಲೆಕ್ಕದಲ್ಲಿ: ವೈರಲ್ ಜ್ವರ ಥಟ್ಟನೆ ಬಂದು ದಿನದಿಂದ ದಿನಕ್ಕೆ ಇಳಿಯುತ್ತದೆ, ಕ್ಷಯ ವಾರಗಟ್ಟಲೆ ಸೊರಗಿಸುತ್ತ ಬರುತ್ತದೆ, ಸಕ್ಕರೆ ಇಳಿಯುತ್ತ, ಪ್ರೋಟೀನ್ ಏರುತ್ತ ಹೋಗುತ್ತದೆ. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಪಾಸಿಟಿವ್ ಬಂದರೆ ಕ್ಷಯ ಖಚಿತ, ನೆಗೆಟಿವ್ ಬಂದರೆ ಇಲ್ಲವೆನ್ನಲಾಗದು. ಆದ್ದರಿಂದ ವೈರಲ್ ಎಂದು ಕಳಿಸಿದ ರೋಗಿಗೆ ವಾರದ ಮೇಲೂ ಜ್ವರ ಬಿಡದಿದ್ದರೆ ಮತ್ತೆ ದ್ರವ ತೆಗೆದು ನೋಡುವುದು ವಿವೇಕ. ಉಣುಗು ಜಾತಿಯ ಸೂಕ್ಷ್ಮ ಹುಳದಿಂದ ಬರುವ ಸ್ಕ್ರಬ್ ಟೈಫಸ್ ಮತ್ತು ಕರಾವಳಿ, ಮಲೆನಾಡಿನ ಮಳೆಗಾಲದ ಇಲಿಜ್ವರ ಕೂಡ ಇದೇ ವೇಷ ಹಾಕುತ್ತವೆ. ಎರಡಕ್ಕೂ ಅಗ್ಗದ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ. ಕಂಕುಳು, ತೊಡೆಸಂದುಗಳಲ್ಲಿ ಸ್ಕ್ರಬ್ ಟೈಫಸ್‌ನ ಕಪ್ಪು ಹಕ್ಕಳೆ ಇದೆಯೇ ಎಂದು ಹುಡುಕಲು ಒಂದು ನಿಮಿಷವೂ ಬೇಡ. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು, ಕೆಲವು ಸಲ್ಫಾ ಔಷಧಗಳು ಕೂಡ ಅಪರೂಪಕ್ಕೆ ಇಂಥದೇ ಚಿತ್ರ ತರುತ್ತವೆ.

ವೈರಸ್ಸನ್ನೇ ನೇರವಾಗಿ ತೋರಿಸುವ ಪಿಸಿಆರ್ ವಿಧಾನ 1990ರ ದಶಕದಿಂದ ಬಳಕೆಗೆ ಬಂತು. ಎಂಟರೋವೈರಸ್‌ಗಳಲ್ಲಿ ನೂರಕ್ಕೂ ಹೆಚ್ಚು ಬಗೆಗಳಿದ್ದರೂ ಅವುಗಳ ಆರ್‌ಎನ್‌ಎಯ ಒಂದು ತುದಿ ಬಹುತೇಕ ಒಂದೇ ತೆರನಾಗಿರುವುದರಿಂದ ಒಂದೇ ಪರೀಕ್ಷೆಗೆ ಎಲ್ಲವೂ ಸಿಗುತ್ತವೆ. ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಪಡೆದ ಯಂತ್ರವೊಂದು ಸುಮಾರು ಒಂದು ಗಂಟೆಯಲ್ಲಿ 14 ರೋಗಾಣುಗಳನ್ನು ಒಟ್ಟಿಗೆ ಹುಡುಕುತ್ತದೆ. ನಮ್ಮ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಇದು ಬಂದಿದೆ, ಬೆಲೆ ಮಾತ್ರ ಸಾಮಾನ್ಯರಿಗೆ ಭಾರ. ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ನರವೈರಾಣು ವಿಭಾಗದಂಥ ಕೇಂದ್ರಗಳೇ ಆಧಾರ. ಇಷ್ಟಾದರೂ ಅರ್ಧಕ್ಕರ್ಧ ಪ್ರಕರಣಗಳಲ್ಲಿ ಹೆಸರು ಸಿಗದೇ ಹೋಗುವುದುಂಟು. ಬ್ರಿಟನ್ನಿನ 42 ಆಸ್ಪತ್ರೆಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೆನಿಂಜೈಟಿಸ್ ಇದ್ದ 638 ವಯಸ್ಕರ ಪೈಕಿ ನೂರಕ್ಕೆ 36 ವೈರಲ್, 16 ಬ್ಯಾಕ್ಟೀರಿಯಾದ್ದು. ನೂರಕ್ಕೆ 42ರಲ್ಲಿ ಕಾರಣವೇ ತಿಳಿಯಲಿಲ್ಲ. ದ್ರವ ತೆಗೆಯಲು ಅಲ್ಲಿ ಹಿಡಿದ ಮಧ್ಯಕ ಅವಧಿ 17 ಗಂಟೆ. ತಡವಾದಷ್ಟೂ ಕಾರಣ ಸಿಗುವ ಸಾಧ್ಯತೆ ಕಡಿಮೆಯಾಗುತ್ತಿತ್ತು.

ಚಿಕಿತ್ಸೆ, ಚೇತರಿಕೆ

ಎಂಟರೋವೈರಸ್‌ಗೆ ಒಪ್ಪಿತ ಔಷಧವಿಲ್ಲ. ಪ್ಲೆಕೊನರಿಲ್ ಎಂಬುದು ಭರವಸೆ ಹುಟ್ಟಿಸಿತ್ತು, ಅಮೆರಿಕದ ನಿಯಂತ್ರಕರು 2002ರಲ್ಲಿ ಒಪ್ಪಿಗೆ ಕೊಡಲಿಲ್ಲ. ಆದ್ದರಿಂದ ವಿಶ್ರಾಂತಿ, ಸಾಕಷ್ಟು ದ್ರವಾಹಾರ, ಪ್ಯಾರಾಸಿಟಮಾಲ್, ವಾಂತಿಗೆ ಮದ್ದು, ಕತ್ತಲೆ ಕೋಣೆ. ಮಕ್ಕಳಿಗೆ ಆಸ್ಪಿರಿನ್ ಕೂಡದು. ಬ್ಯಾಕ್ಟೀರಿಯಾ ಇಲ್ಲವೆಂದು ಖಚಿತವಾಗುವವರೆಗೆ ಸೆಫ್ಟ್ರಿಯಾಕ್ಸೋನ್‌ನಂಥ ಆಂಟಿಬಯಾಟಿಕ್ ಕೊಡುವುದು ತಪ್ಪಲ್ಲ. ಪರೀಕ್ಷೆಗೆ ಕಾಯುತ್ತ ಕುಳಿತು ಬ್ಯಾಕ್ಟೀರಿಯಾಗೆ ದಾರಿ ಬಿಟ್ಟುಕೊಡುವುದು ಮಹಾಪರಾಧ. ವೈರಲ್ ಎಂದು ಪಿಸಿಆರ್ ಹೇಳಿದ ಮೇಲೆ ಅದನ್ನು ನಿಲ್ಲಿಸುವ ಧೈರ್ಯವೂ ಅಷ್ಟೇ ಮುಖ್ಯ. ಗೊಂದಲ, ಫಿಟ್ಸ್ ಇದ್ದರೆ ಹೆರ್ಪಿಸ್ ಎನ್ಸೆಫಲೈಟಿಸ್ ಎಂದೇ ಭಾವಿಸಿ ತಕ್ಷಣ ಅಸೈಕ್ಲೋವಿರ್ ಎಂಬ ವೈರಸ್ ವಿರೋಧಿ ಔಷಧ ಶುರು ಮಾಡುತ್ತಾರೆ. ಹೆರ್ಪಿಸ್‌ನ ಬರೀ ಮೆನಿಂಜೈಟಿಸ್‌ಗೆ ಅದು ಎಷ್ಟು ಉಪಯೋಗ ಎಂಬುದು ಇನ್ನೂ ಚರ್ಚೆಯಲ್ಲಿದೆ. ಮರುಕಳಿಸದಿರಲಿ ಎಂದು ವರ್ಷವಿಡೀ ವ್ಯಾಲಸೈಕ್ಲೋವಿರ್ ಕೊಟ್ಟು ನೋಡಿದ, 2012ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ.

ಜ್ವರ ಬಿಟ್ಟು ಮನೆಗೆ ಬಂದವರು ಮರುದಿನವೇ ಮೊದಲಿನಂತಾಗುವುದಿಲ್ಲ. ದೊಡ್ಡವರಲ್ಲಿ ತಲೆನೋವು, ಬೇಗ ಆಯಾಸ, ಓದಿದ್ದು ತಲೆಗೆ ಹೋಗದಿರುವುದು ವಾರಗಳಿಂದ ತಿಂಗಳುಗಳವರೆಗೆ ಉಳಿಯಬಹುದು. ರಿಪೋರ್ಟು ಸರಿಯಿದೆ ಎಂದ ಮೇಲೆ ಇನ್ನೇನು ಎಂದು ಕಚೇರಿಯವರೂ ಮನೆಯವರೂ ಕೇಳುತ್ತಾರೆ. ಇದು ಸೋಗಲ್ಲ, ನಿಧಾನವಾಗಿ ವಾಸಿಯಾಗುವಂಥದು. ಹುಟ್ಟಿನಿಂದಲೇ ಪ್ರತಿಕಾಯಗಳಿಲ್ಲದವರಲ್ಲಿ ಮತ್ತು ರಿಟಕ್ಸಿಮ್ಯಾಬ್‌ನಂಥ ಔಷಧದಲ್ಲಿರುವವರಲ್ಲಿ ಮಾತ್ರ ಎಂಟರೋವೈರಸ್ ತಿಂಗಳುಗಟ್ಟಲೆ ಮೆದುಳಿನಲ್ಲಿ ಬೀಡುಬಿಡಬಲ್ಲದು.

ತಡೆ

ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾದ ಕಾಯಿಲೆಯಾದರೆ ಮನೆಮಂದಿಗೆಲ್ಲ ಮುಂಜಾಗ್ರತೆಯ ಔಷಧ ಕೊಡುತ್ತಾರೆ. ವೈರಲ್‌ಗೆ ಅದು ಬೇಡ. ಶಾಲೆಯೊಂದರಲ್ಲಿ ಒಂದು ಮಗುವಿಗೆ ಬಂದರೆ ಬಾಗಿಲು ಮುಚ್ಚಬೇಕಾಗಿಯೂ ಇಲ್ಲ. ಶೌಚಾಲಯದಲ್ಲಿ ನೀರು ಮತ್ತು ಸೋಪು ಇದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ. ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ ಮೆನಿಂಜೈಟಿಸನ್ನು ಮಣಿಸಲು ಹಾಕಿಕೊಂಡ ಯೋಜನೆ ಮುಖ್ಯವಾಗಿ ಗುರಿಯಿಟ್ಟಿರುವುದು ನಾಲ್ಕು ಬ್ಯಾಕ್ಟೀರಿಯಾಗಳ ಮೇಲೆ. ಅಂಥ ಬ್ಯಾಕ್ಟೀರಿಯಾಗಳಾದ ಹಿಬ್ ಮತ್ತು ನ್ಯೂಮೊಕಾಕಸ್ ವಿರುದ್ಧದ ಲಸಿಕೆಗಳು ಹರಡಿದ ಕಡೆಯೆಲ್ಲ ಬ್ಯಾಕ್ಟೀರಿಯಾದ ರೋಗ ಇಳಿದು, ಉಳಿದ ರೋಗಿಗಳಲ್ಲಿ ವೈರಲ್‌ನ ಪಾಲು ದೊಡ್ಡದಾಗಿ ಕಾಣುತ್ತಿದೆ.

ವೈರಸ್‌ಗಳಿಗೆ ಇರುವ ಲಸಿಕೆಗಳು ಬಿಡಿಬಿಡಿ. ಪೋಲಿಯೊ ಮತ್ತು ಸೀತಾಳೆ ಸಿಡುಬಿಗೆ ಲಸಿಕೆಗಳಿವೆ. ಎಂಟರೋವೈರಸ್ 71ರ ಲಸಿಕೆಗೆ ಚೀನಾ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆಯನ್ನು ಕರ್ನಾಟಕದಲ್ಲಿ 2022ರ ಡಿಸೆಂಬರಿನಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನದ ರೂಪದಲ್ಲಿ ಹಾಕಲಾಯಿತು. ಮಂಗನಬಾವಿನ ಲಸಿಕೆಯದು ಹಳೆಯ ಮತ್ತು ಸ್ವಾರಸ್ಯದ ಚರಿತ್ರೆ. ಮಾರಿಸ್ ಹಿಲ್ಲೆಮನ್ 1963ರಲ್ಲಿ ಕಾಯಿಲೆ ಬಿದ್ದ ತನ್ನ ಮಗಳು ಜೆರಿಲ್ ಲಿನ್‌ಳ ಗಂಟಲಿನಿಂದ ವೈರಸ್ ತೆಗೆದು ಪಳಗಿಸಿದ. 1967ರಲ್ಲಿ ಅದು ಲಸಿಕೆಯಾಯಿತು. ಜಪಾನಿನ ಉರಾಬೆ ತಳಿಯ ಲಸಿಕೆಯಿಂದಲೇ ಕೆಲವು ಮಕ್ಕಳಿಗೆ ಸೌಮ್ಯ ಮೆನಿಂಜೈಟಿಸ್ ಬರುತ್ತಿದೆಯೆಂದು ಕಂಡಾಗ ಬ್ರಿಟನ್ 1992ರಲ್ಲಿ ಅದನ್ನು ಕೈಬಿಟ್ಟು, ಜೆರಿಲ್ ಲಿನ್ ತಳಿಯನ್ನು ಉಳಿಸಿಕೊಂಡಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ಸೇರಿಸಿದಾಗ ಮಂಗನಬಾವನ್ನು ಹೊರಗಿಟ್ಟರು. ಮಕ್ಕಳ ತಜ್ಞರ ಅಕಾಡೆಮಿ ಮೂರನ್ನೂ ಒಟ್ಟಿಗೆ ಕೊಡುವ ಎಂಎಂಆರ್ ಹಾಕಿಸಿ ಎನ್ನುತ್ತದೆ. ದುಡ್ಡು ಕೊಟ್ಟು ಖಾಸಗಿ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡ ಮಕ್ಕಳಿಗೆ ಆ ರಕ್ಷಣೆ ಸಿಗುತ್ತದೆ, ಅಂಗನವಾಡಿಯಲ್ಲಿ ಹಾಕಿಸಿಕೊಂಡವರಿಗೆ ಇಲ್ಲ.